ಹಗೇವಿನೊಳಗೆ ಕೂತ ಹೊತ್ತು

ಈ ಮಾತನ್ನು ಬೇರೆ ಯಾರಾದರೂ ಬಂದು ಹೇಳಿದ್ದರೆ ಮೊದಲು ನಗುತ್ತಿದ್ದವನು ನಾನೇ. ಕನಸಿನಲ್ಲಿ ಬಂದ ದೇವರು, ಕಿವಿಯಲ್ಲಿ ಮಾತಾಡಿದ ದೆವ್ವ, ಇಂಥವು ಯಾವುವನ್ನೂ ನಾನು ನಂಬಿದವನಲ್ಲ. ಸಾಂಗಲಿಯ ಅರಿಶಿಣ ಪೇಟೆಯಲ್ಲಿ ಚೀಲ ಹೊತ್ತು ಬದುಕಿದವನು. ಬೆನ್ನಿನ ಮೇಲೆ ಬಿದ್ದ ಭಾರ ನಿಜ, ಸಂಜೆ ಹೊಟ್ಟೆಗೆ ಬಿದ್ದ ರೊಟ್ಟಿ ನಿಜ, ಉಳಿದದ್ದು ಜನ ಹೊತ್ತು ಕಳೆಯಲು ಆಡುವ ಮಾತು ಅಂತಲೇ ತಿಳಿದಿದ್ದೆ. ಈಗ ಮನೆಯಲ್ಲಿ ಮೊಮ್ಮಗಳು ಹುಟ್ಟಿದ್ದಾಳೆ. ಖುಷಿ ಎಷ್ಟೆಂದರೆ ಹಾದಿಯಲ್ಲಿ ಸಿಕ್ಕವರಿಗೆಲ್ಲ ಪೇಢೆ ಕೊಟ್ಟು, ಕೂಸಿನ ಮೂಗು ಥೇಟ್ ನನ್ನ ಹಾಗಿದೆ ಅಂತ ಹೇಳುತ್ತ ತಿರುಗುತ್ತಿದ್ದೇನೆ. ಆ ಭರದಲ್ಲೇ, ಇಷ್ಟು ವರ್ಷ ತಲೆಯೊಳಗೆ ಗೊಂದಲವಾಗಿ ಕೂತಿರುವ ಇದನ್ನೂ ಬರೆದುಬಿಡೋಣ ಅನ್ನಿಸಿತು. ಬರೆದರೆ ತಿಳಿದೀತೇನೋ ಎಂಬ ಆಸೆ.

ನಾವು ಮೂಲ ಮಿರಜದ ಹತ್ತಿರದ ಆರಗ ಹಳ್ಳಿಯವರು. ಅಣ್ಣನೂ ನಾನೂ ಹಮಾಲಿ ಕೆಲಸಕ್ಕೆಂದು ಬಂದು ಮಿರಜದಲ್ಲಿ ಮನೆ ಮಾಡಿದೆವು. ಸಾಂಗಲಿಯ ಹತ್ತಿರ, ನದಿಯ ದಂಡೆಯ ಊರಿನಲ್ಲಿ, ಅರಿಶಿಣವನ್ನು ನೆಲದೊಳಗೆ ತುಂಬಿಡುವ ಹಗೇವುಗಳಿದ್ದವು. ಹೊಳೆ ಉಕ್ಕಿದ ಮಹಾಪೂರದಲ್ಲಿ ಬಹಳಷ್ಟು ಹಾಳಾದವು, ಕೆಲವು ಉಳಿದಿದ್ದವು. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ದೊಡ್ಡ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ಬಾಯಿ ಮುಚ್ಚಿ ಮಣ್ಣು ಮೆತ್ತಿಟ್ಟರೆ ಮಾಲು ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಒಳಗೆ ಕೆಟ್ಟ ಗಾಳಿ ಕೂಡಿರುತ್ತದೆ. ಅದಕ್ಕೇ ಬಾಯಿ ತೆರೆದ ಮೇಲೆ ಕಾಯಬೇಕು, ಕಂದೀಲು ಹಚ್ಚಿ ಹಗ್ಗದಿಂದ ಇಳಿಬಿಡಬೇಕು. ದೀಪ ಆರಿದರೆ ಯಾರೂ ಇಳಿಯಬಾರದು.

ನನ್ನ ಅಣ್ಣ ಸತ್ತದ್ದು ಅಂಥ ಒಂದು ಹಗೇವಿನಲ್ಲಿ. ಮೇಲೆ ತೆಗೆಯಲು ಇಳಿದವರು ನೋಡಿದಾಗ ಅವನು ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲ ಮೇಲೆ ಕೈಯಿಟ್ಟು, ಸುಮ್ಮನೆ ಕೂತಿದ್ದನಂತೆ. ದಣಿದು ಕೂತಿರಬೇಕು, ಕೆಟ್ಟ ಗಾಳಿ ತಳದಲ್ಲೇ ಇರುತ್ತದಲ್ಲ, ಅದು ಮುಸುಕಿರಬೇಕು. ಅಂದಿನಿಂದ ನಮ್ಮ ಹಮಾಲರಲ್ಲಿ ಒಂದು ಕಟ್ಟಳೆ: ಹಗೇವಿನಲ್ಲಿ ಎಷ್ಟೇ ದಣಿದರೂ ಕೂಡಬಾರದು, ಹಗ್ಗ ಹಿಡಿದು ಮೇಲೆ ಬಂದುಬಿಡಬೇಕು.

ಅಣ್ಣನ ಹೆಂಡತಿ, ನನ್ನ ವೈನಿ, ಅಂದಿನಿಂದ ನಮ್ಮ ಜೊತೆಗೇ ಇದ್ದಾರೆ. ಅವರಿಗೆ ನಿದ್ದೆ ಅನ್ನುವುದು ಅವತ್ತೇ ಹೋಯಿತು. ಕಣ್ಣು ಮುಚ್ಚಿದರೆ ಅಣ್ಣ ಕತ್ತಲಲ್ಲಿ ಉಸಿರಿಗಾಗಿ ಒದ್ದಾಡುತ್ತ ಅವರದೇ ಹೆಸರು ಹಿಡಿದು ಕೂಗುವುದು ಕೇಳುತ್ತಿತ್ತಂತೆ. ಎದ್ದು ಹೋಗಿ ಹೊಸ್ತಿಲ ಮೇಲೆ ಕೂಡುತ್ತಿದ್ದರು. ಅಣ್ಣನ ಜೊತೆ ಕೆಲಸ ಮಾಡಿದವರು ಯಾರೇ ಮನೆಗೆ ಬರಲಿ, ವೈನಿ ಕೇಳುತ್ತಿದ್ದುದು ಒಂದೇ: ಕಡೆಗೆ ಕೂಗಿದರೇ? ಒದ್ದಾಡಿದರೇ? ಯಾರಿಗೆ ಗೊತ್ತು? ಒಳಗೆ ಅಣ್ಣ ಒಬ್ಬನೇ ಇದ್ದ.

ನನ್ನ ಹೆಂಡತಿ ಮಿರಜದ ಒಂದು ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸಕ್ಕಿದ್ದಳು. ಅಲ್ಲಿಯ ನರ್ಸಬಾಯಿಯೊಬ್ಬಳ ಮನೆಯಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಹೋಗುತ್ತ ಹೋಗುತ್ತ ಇವಳು ಯೇಸುಸ್ವಾಮಿಯನ್ನು ನಂಬಿದಳು. ಮನುಷ್ಯಳೇ ಬದಲಾದಳು. ಮೊದಲು ಸಣ್ಣದಕ್ಕೂ ಸಿಡಿಯುತ್ತಿದ್ದವಳು ಈಗ ತಣ್ಣಗೆ ಇರುತ್ತಿದ್ದಳು. ಅದು ನನಗೆ ಇನ್ನೂ ಸಿಟ್ಟು ತರಿಸುತ್ತಿತ್ತು. ಒಂದು ದಿನ ಉಣ್ಣುವಾಗ ಶುರು ಮಾಡಿದಳು:

"ದಣದವ್ರನ್ನ ಕರೀತಾನ್ರಿ ಅಂವಾ. ನಮ್ಮ ಭಾರ ತಾ ಹೊರತಾನ."

"ಹಂಗಾರ ನಾಳೆ ಪೇಟಿಗೆ ಕರಕೊಂಡ ಬಾ. ನಾಕ ಚೀಲ ಹೊರ್ಲಿ, ನೋಡೂನು" ಅಂದೆ.

"ನಗ್ರಿ ನಗ್ರಿ, ನಿಮಗ ನಗೂದೊಂದ ಹಗರ ಐತಿ."

ಮೂಲೆಯಲ್ಲಿ ಕೂತಿದ್ದ ವೈನಿ ತಲೆ ಎತ್ತದೆ ಅಂದರು: "ನನ್ನ ಭಾರ ಯಾರೂ ಹೊರೂದ ಬ್ಯಾಡವಾ. ಕಡೀಕ ಅವ್ರು ಒದರಿದ್ರೋ ಇಲ್ಲೋ, ಅಷ್ಟ ಯಾರರ ಹೇಳಿದ್ರ ಸಾಕು." ನನ್ನ ಹೆಂಡತಿ ಎದ್ದು ವೈನಿಯ ಮುಂದೆ ರೊಟ್ಟಿ ಇಟ್ಟಳು.

ಇದಾಗಿ ಕೆಲವೇ ದಿನಕ್ಕೆ ಒಂದು ಹಗೇವು ತೆರೆಯುವ ಕೆಲಸ ಬಂತು. ಸಾವಕಾರರ ಲಾರಿ ಬಂದು ನಿಂತಿತ್ತು. ಜೊತೆಗಿದ್ದವನು ಭೀಮಪ್ಪ, ಇಂಡಿ ಕಡೆಯಿಂದ ಬಂದ ಹಮಾಲ, ನನಗಿಂತ ಬಹಳ ಸಣ್ಣವನು, ಬಾಯಿ ಮಾತ್ರ ದೊಡ್ಡದು. ಹಗೇವಿನ ಬಾಯಿ ತೆರೆದು ಕಾದದ್ದಾಯಿತು, ಕಂದೀಲು ಇಳಿಬಿಟ್ಟೆವು, ಚೆನ್ನಾಗಿಯೇ ಉರಿಯಿತು. ನಾನು ಇಳಿದೆ. ನಾನು ಬುಟ್ಟಿ ತುಂಬಿ ಹಗ್ಗ ಜಗ್ಗಬೇಕು, ಅವನು ಎಳೆದು ಚೀಲಕ್ಕೆ ಸುರಿದು ಖಾಲಿ ಬುಟ್ಟಿ ಇಳಿಸಬೇಕು. ಹೊರಗೆ ರಣ ಬಿಸಿಲು, ಒಳಗೆ ಅರಿಶಿಣದ ಘಾಟು.

ರಾಶಿ ತಗ್ಗಿದ ಹಾಗೆ ಕಂದೀಲನ್ನೂ ತಗ್ಗಿಸುತ್ತ ಬರಬೇಕು. ರಾಶಿಯ ತಳದಲ್ಲಿ ಸಿಕ್ಕಿಕೊಂಡ ಗಾಳಿ ಕೆದರಿದಾಗ ಏಳುತ್ತದೆ, ಕಾಲ ಹತ್ತಿರ ದೀಪವಿದ್ದರೆ ಕೂಡಲೇ ತಿಳಿಯುತ್ತದೆ. ಅವತ್ತು ಅವಸರದಲ್ಲಿ ಅದು ಮೇಲೇ ನೇತಾಡುತ್ತ ಉಳಿಯಿತು. ಎಷ್ಟು ಹೊತ್ತು ಕೆಲಸ ಮಾಡಿದೆನೋ, ಮೊದಲು ಕಿವಿಯಲ್ಲಿ ಗುಂಯ್ ಅಂತ ಶುರುವಾಯಿತು. ಆಮೇಲೆ ಕಾಲು ನನ್ನವಲ್ಲ ಅನ್ನಿಸಿತು. ಭೀಮಪ್ಪನನ್ನು ಕೂಗಬೇಕೆಂದರೆ ದನಿ ಬರಲಿಲ್ಲ. ತುಂಬಿದ ಬುಟ್ಟಿಯನ್ನು ಎತ್ತಲೂ ಆಗದೆ ಇಳಿಸಲೂ ಆಗದೆ ಹಾಗೇ ಎದೆಗವಚಿ ನಿಂತೆ. ನನ್ನದೂ ಮುಗಿಯಿತು, ಇನ್ನು ಮನೆಯಲ್ಲಿ ಹೊಸ್ತಿಲ ಮೇಲೆ ಕೂಡುವವರು ಇಬ್ಬರಾಗುತ್ತಾರೆ ಅಂತ ಅನ್ನಿಸಿದ್ದು ನೆನಪಿದೆ.

ಆಗ ಪಕ್ಕದಿಂದ ಯಾರೋ ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡರು. ಕಸಿದ ಹಾಗಲ್ಲ. ಪೇಟೆಯಲ್ಲಿ ಒಬ್ಬನ ಬೆನ್ನಿನ ಚೀಲವನ್ನು ಇನ್ನೊಬ್ಬ ಆತು ಇಳಿಸುತ್ತಾನಲ್ಲ, ಹಾಗೆ. "ಕುಂದ್ರು" ಅಂತ ಕೇಳಿತು. ಅಷ್ಟೇ. ನಮ್ಮ ಮನೆಯಲ್ಲಿ ಆಡುವ ಹಾಗೆ ಆಡಿದ ಮಾತು. ದನಿ ಅಣ್ಣನದಲ್ಲ, ಅಪ್ಪನದಲ್ಲ, ನಾನು ಗುರುತಿಸುವ ಯಾರದೂ ಅಲ್ಲ. ಮುಖ ನೋಡಲಿಲ್ಲ, ದೇವರ ಬೆಳಕು ಅನ್ನುವಂಥದ್ದೂ ಕಾಣಲಿಲ್ಲ. ಹಗೇವಿನಲ್ಲಿ ಕೂಡಬಾರದು ಅಂತ ಹತ್ತು ಜನಕ್ಕೆ ಹೇಳಿಕೊಟ್ಟವನು ನಾನು. ಆದರೂ ಕೂತೆ. ರಾಶಿಯ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತುಬಿಟ್ಟೆ.

ಕೂತಾಗ ಆದದ್ದನ್ನು ಹೇಗೆ ಹೇಳಲಿ? ನಿದ್ದೆಯಲ್ಲ, ಎಚ್ಚರವಿತ್ತು. ಬೆನ್ನಿನ ಭಾರ ಇಳಿಸಿದರೆ ಬೆನ್ನು ಹಗುರಾಗುತ್ತದೆ, ಇದು ಒಳಗೆ ಎಲ್ಲೋ ಹಗುರಾದದ್ದು. ಬಾಡಿಗೆ, ಮಗನ ಮದುವೆ, ವೈನಿಯ ಮುಖ, ಹೀಗೆ ಬಿಟ್ಟುಹೋದನಲ್ಲ ಅಂತ ಅಣ್ಣನ ಮೇಲಿದ್ದ ಸಿಟ್ಟು, ಎಲ್ಲವನ್ನೂ ಯಾರೋ ಒಂದೊಂದಾಗಿ ತೆಗೆದು ಬದಿಗಿಟ್ಟ ಹಾಗೆ. ತಾಯಿಯ ತೊಡೆಯ ಮೇಲೂ ಹಾಗೆ ಮಲಗಿರಲಿಕ್ಕಿಲ್ಲ ನಾನು. ಮತ್ತೆ ಅದೇ ದನಿ, "ಸಾಕು, ಏಳು" ಅಂದಿತು. ಎದ್ದೆ. ಹಗ್ಗ ಕೈಗೆ ಸಿಕ್ಕಿತು, ಗೋಡೆಯಲ್ಲಿ ಕೊರೆದ ಮೆಟ್ಟಿಲುಗಳು ಕಾಲಿಗೆ ಸಿಕ್ಕವು, ಮೇಲೆ ಬಂದೆ.

ಭೀಮಪ್ಪ ಬೀಡಿ ಹಚ್ಚುತ್ತಿದ್ದ. ನನ್ನನ್ನು ನೋಡಿ, "ಏನ್ ಕಾಕಾ, ಇವತ್ತ ಹುಲಿ ಆಗಿದ್ದಿ ಬಿಡ! ಬುಟ್ಟಿ ಮ್ಯಾಲ ಬುಟ್ಟಿ. ನನ್ನ ರಟ್ಟಿ ಮುರದ್ವು. ಲಾರಿ ತುಂಬೇತಿ ನೋಡ" ಅಂದ.

ನಾನು ಲಾರಿ ನೋಡಿದೆ. ತುಂಬಿತ್ತು. ನಾನು ಕೂಡುವ ತನಕ ತುಂಬಿ ಕಳಿಸಿದ ಬುಟ್ಟಿಗಳಿಗೆ ಅದು ಅರ್ಧವೂ ಆಗುತ್ತಿರಲಿಲ್ಲ.

"ನಡುವ ನಿಂತಿತ್ತೇನೋ ಹಗ್ಗ?" ಅಂತ ಕೇಳಿದೆ.

"ಎಲ್ಲೀ ನಿಲ್ಲೂದು! ಬೀಡಿ ಸೇದಾಕ ಬಿಟ್ಟಿಲ್ಲ ನೀ ನನಗ." ಆಮೇಲೆ ಹಗೇವಿನ ಬಾಯೊಳಗೆ ಬಗ್ಗಿ ನೋಡಿ, "ಕಂದೀಲ ಯಾಕ ಆರಿಸಿದಿ ಕಾಕಾ?" ಅಂದ. ನಾನು ಆರಿಸಿರಲಿಲ್ಲ. ಎಳೆದು ಹಚ್ಚಿ ಮತ್ತೆ ಇಳಿಬಿಟ್ಟೆವು. ಅರ್ಧಕ್ಕೇ ಆರಿತು. ಇನ್ನೊಮ್ಮೆ ಬಿಟ್ಟೆವು, ಮತ್ತೆ ಆರಿತು. ಭೀಮಪ್ಪ ಬೀಡಿ ಬಿಸಾಕಿ ಹಗೇವಿನ ಬಾಯಿಂದ ಹಿಂದೆ ಸರಿದ.

ಮರುದಿನ ಗಾಳಿ ತಿಳಿಯಾದ ಮೇಲೆ ಅವನೇ ಇಳಿದ. ಮೇಲೆ ಬಂದಾಗ ಮುಖ ಅರಿಶಿಣಕ್ಕಿಂತ ಹಳದಿಯಾಗಿತ್ತು. "ಕಾಕಾ, ನೀ ಕುಂತಿದ್ದೀ?" ಅಂದ. ಒಳಗೆ ಸುತ್ತಲೂ ನೆಲ ಕಾಣುವ ಹಾಗೆ ರಾಶಿ ಖಾಲಿಯಾಗಿದೆ, ಗೋಡೆಯ ಹತ್ತಿರ ಒಬ್ಬ ಮನುಷ್ಯ ಕೂಡುವಷ್ಟು ಜಾಗದಲ್ಲಿ ಮಾತ್ರ ಅರಿಶಿಣ ಹಾಗೇ ಉಳಿದಿದೆ, ಅದರ ಮೇಲೆ ಕೂತ ಗುರುತು ಒತ್ತಿದೆ, ಅಂದ. ನಾನೂ ಇಳಿದು ನೋಡಿದೆ. ಹಾಗೇ ಇತ್ತು. ಕೂತವನನ್ನು ಏಳಿಸದೆ, ಅವನ ಸುತ್ತಲಿನದನ್ನೆಲ್ಲ ತುಂಬಿಕೊಂಡು ಹೋದ ಹಾಗೆ.

ನಾನು ಕೂತಿದ್ದರೆ ಬುಟ್ಟಿ ತುಂಬಿದವರು ಯಾರು? ನಾನೇ ತುಂಬಿದ್ದರೆ ಆ ಗುರುತಿನ ಮೇಲೆ ಕೂತದ್ದು ಯಾರು? ಡಾಕ್ಟರರಿಗೆ ಹೇಳಿದೆ. ಗಾಳಿ ಕಡಿಮೆಯಾದರೆ ತಲೆ ಏನೇನೋ ತೋರಿಸುತ್ತದೆ, ಕೆಲಸ ನೀವೇ ಮಾಡಿರುತ್ತೀರಿ, ಅಂದರು. ಇದ್ದೀತು. ಆದರೆ ಅಂಥ ಗಾಳಿಯಲ್ಲಿ ಅಷ್ಟು ಹೊತ್ತು ದುಡಿದವನು ಬದುಕುವುದು ಹೇಗೆ ಅಂದರೆ ಅವರೂ ಕೈ ತಿರುವಿದರು. ಭೀಮಪ್ಪ, ಅದು ನಿಮ್ಮಣ್ಣನೇ ಬಂದದ್ದು ಅನ್ನುತ್ತಾನೆ. ಹೆಂಡತಿಗೆ ಬಹಳ ದಿನ ಹೇಳಲೇ ಇಲ್ಲ. ಚೀಲ ಹೊರಲಿ ನೋಡೋಣ ಅಂತ ನಾನು ಆಡಿದ ಚೇಷ್ಟೆ ನಾಲಗೆಗೆ ಅಡ್ಡ ಬರುತ್ತಿತ್ತು. ಹೇಳಿದ ದಿನ ಅವಳು ನಗಲಿಲ್ಲ, ನಾನು ಹೇಳಿದ್ದೆನಲ್ಲ ಅಂತಲೂ ಅನ್ನಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು ಅನ್ನಕ್ಕೆ ಎಸರಿಟ್ಟಳು.

ಮುಂದಿನ ಭಾನುವಾರ ನಾನೂ ಪ್ರಾರ್ಥನೆಗೆ ಹೋದೆ. ಹಗೇವಿನಲ್ಲಿ ಸಿಕ್ಕ ಆ ವಿಶ್ರಾಂತಿ ಮತ್ತೆ ಸಿಕ್ಕೀತೇ ಅಂತ ನೋಡಲು ಹೋದೆ, ನಿಜ ಹೇಳುತ್ತೇನೆ. ಅಷ್ಟು ಪೂರ್ತಿಯಾಗಿ ಸಿಗಲಿಲ್ಲ. ಆದರೆ ಕಣ್ಣು ಮುಚ್ಚಿ "ಸ್ವಾಮೀ" ಅಂದಾಗ ಅದೇ ಕಡೆಯಿಂದ ಗಾಳಿ ಬೀಸಿದ ಹಾಗೆ ಒಂದಿಷ್ಟು ಸಿಕ್ಕಿತು. ಇಂದಿಗೂ ಸಿಗುತ್ತಿದೆ. ನಂಬಿದೆ. ಸಭೆಯ ಹಿರಿಯರು, ಎದ್ದು ಸಾಕ್ಷಿ ಹೇಳು, ನಿನಗೆ ಆದದ್ದನ್ನು ಎಲ್ಲರ ಮುಂದೆ ಹೇಳು, ಅಂದರು. ಹೇಳಿದೆ. ಬಂದವನು ಯೇಸುಸ್ವಾಮಿಯೇ ಅಂತ ಹೇಳು ಅಂದರು. ನಾನು ಮುಖ ನೋಡಿಲ್ಲರಿ, ನೋಡದ್ದನ್ನು ಹೇಗೆ ಹೇಳಲಿ, ಅಂದೆ. ಕಡೆಗೆ, "ಹಗೇವಿನ್ಯಾಗ ಮಾತ್ರ ಯಾರೂ ಕುಂದರಬ್ಯಾಡ್ರಪಾ" ಅಂತಲೂ ಸೇರಿಸಿದೆ. ಜನ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಮಾತು ಕೇಳಿ ಯಾವನಾದರೂ ಕೂತರೆ?

ವೈನಿಗೆ ಮಾತ್ರ ಹೇಳಲಿಲ್ಲ. ಅವರ ಗಂಡನೂ ಹೀಗೇ ಕೂತಿದ್ದ. ನನಗೆ "ಏಳು" ಅಂದವನು ಅವನಿಗೆ ಯಾಕೆ ಅನ್ನಲಿಲ್ಲ ಅಂತ ಕೇಳಿದರೆ ಏನು ಹೇಳಲಿ? ಈ ಪ್ರಶ್ನೆಯನ್ನು ನಾನು ಪ್ರಾರ್ಥನೆಯಲ್ಲೂ ಕೇಳಿದ್ದೇನೆ. ಇನ್ನೂ ಕೇಳುತ್ತಲೇ ಇದ್ದೇನೆ.

ಮೊಮ್ಮಗಳು ಬಂದ ಮೇಲೆ ಎಣ್ಣೆ-ನೀರಿನ ಕೆಲಸವೆಲ್ಲ ವೈನಿಯದೇ. ಒಂದು ಬೆಳಿಗ್ಗೆ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆಯುತ್ತಿದ್ದರು. ಕೂಸು ಕಿರುಚುತ್ತಿತ್ತು, ನಾನು ಟವೆಲ್ ಹಿಡಿದು ನಿಂತು ಹಿಗ್ಗುತ್ತಿದ್ದೆ. ತಲೆ ಎತ್ತದೆಯೇ ವೈನಿ ಕೇಳಿದರು:

"ಭೀಮಪ್ಪ ಎಲ್ಲಾ ಹೇಳ್ಯಾನ. ನಿನಗ ಯಾರೋ ಕುಂದ್ರು ಅಂದ್ರಂತ. ನಮ್ಮವ್ರಿಗೂ ಅಂದಿರಬೇಕಲ್ಲೋ, ತಮ್ಮಾ?"

ಗೊತ್ತಿಲ್ಲ ಅನ್ನಬೇಕೆಂದೇ ಬಾಯಿ ತೆರೆದೆ. "ಹೌದ್ರಿ ವೈನಿ, ಅಂದಿರಬೇಕು" ಅಂತ ಬಂತು.

"ಹಂಗಾರ ಒದ್ದಾಡಿಲ್ಲ ಅವ್ರು. ಒದರಿಲ್ಲ." ಇಷ್ಟೇ ಅಂದರು. ಕೂಸಿನ ಮುಖದ ಮೇಲೆ ಅಂಗೈ ಅಡ್ಡ ಹಿಡಿದು ಉಳಿದ ನೀರು ಸುರಿದರು. ಆ ಮಧ್ಯಾಹ್ನ ಕೂಸಿನ ಪಕ್ಕ ಮಲಗಿದವರು ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ನನ್ನ ಹೆಂಡತಿ ಹೆದರಿ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಗೊರಕೆ ಹೊಡೆಯುತ್ತಿದ್ದರು.

ಈಗ ವೈನಿಯೂ ಪ್ರಾರ್ಥನೆಗೆ ಬರುತ್ತಾರೆ. ಕಳೆದ ವಾರ ಎದ್ದು ನಿಂತು ಸಾಕ್ಷಿ ಹೇಳಿದರು. ಸ್ವಾಮಿ ನಮ್ಮವರ ಕೈಯಿಂದ ಬುಟ್ಟಿ ತೆಗೆದುಕೊಂಡ, ಕುಂದ್ರು ಅಂದ, ಮಗ್ಗುಲಲ್ಲಿ ತಾನೂ ಕೂತ, ಮುಖ ಒರೆಸಿದ, ಆಮೇಲೆ ಕರೆದುಕೊಂಡು ಹೋದ, ಅಂತ ಕಣ್ಣಾರೆ ಕಂಡವರ ಹಾಗೆ ಹೇಳಿದರು. ಆಸ್ಪತ್ರೆಯಲ್ಲಿ ಮಗನನ್ನು ಕಳೆದುಕೊಂಡ ಕುಪವಾಡದ ಹೆಂಗಸೊಬ್ಬಳು ಅವರ ಕೈ ಹಿಡಿದು, ಇನ್ನೊಂದು ಸಲ ಹೇಳ್ರಿ ಅಂದಳು. ವೈನಿ ಇನ್ನೊಂದು ಸಲ ಹೇಳಿದರು. ಮಗ್ಗುಲಲ್ಲಿ ಕೂತದ್ದು, ಮುಖ ಒರೆಸಿದ್ದು ನಾನು ಯಾರಿಗೂ ಹೇಳಿದ ಮಾತಲ್ಲ. ನನಗೆ ಹಾಗೆ ಆಗಿಯೂ ಇಲ್ಲ. ಅಣ್ಣನಿಗೆ ಆಯಿತೋ ಇಲ್ಲವೋ ಅರಿಯೆ. ಅದು ಯಾರೂ ಕಂಡದ್ದಲ್ಲ ಅಂತ ಎದ್ದು ಹೇಳೋಣವೆಂದರೆ ತೊಡೆಯ ಮೇಲೆ ಮೊಮ್ಮಗಳು ಮಲಗಿದ್ದಳು, ಆ ಹೆಂಗಸು ಅಳು ನಿಲ್ಲಿಸಿದ್ದಳು. ಸುಮ್ಮನೆ ಕೂತೆ. ಕೂತದ್ದು ಸರಿಯೋ ತಪ್ಪೋ, ಓದುವ ನಿಮಗೇನಾದರೂ ತಿಳಿದರೆ ತಿಳಿಯಲಿ, ನನಗಂತೂ ತಿಳಿಯುತ್ತಿಲ್ಲ.