ಮಗ್ಗದ ಕುಣಿಯ ಕಾಕಡಾ

ಕಾಳವ್ವ ಮುಖ ತೊಳೆಯುವ ಮೊದಲೇ ಮಗ್ಗದ ಕೋಣೆಗೆ ಹೋಗಿ ಕಾಕಡಾ ಗಿಡ ನೋಡಿದಳು. ನಿನ್ನೆ ಹಳದಿಯಾಗಿದ್ದ ಎಲೆಗಳ ಅಂಚು ಇವತ್ತು ಸುಟ್ಟ ಹಾಗೆ ಕಂದಿತ್ತು. ಒಂದು ಟೊಂಗೆ ಹಿಡಿದಳು. ಎಲೆಯೆಲ್ಲ ಕೈಗೆ ಬಂತು.

"ರಾಜ್ಯಾ! ಬಾ ಇಲ್ಲಿ. ನೋಡು, ಸಾಯಾಕತ್ತೈತಿ. ಸಮಾಧಾನ ಆತೇನು ನಿನಗ?"

ಮಗ ರಾಜೇಶ ಹಲ್ಲುಜ್ಜುತ್ತಲೇ ಬಾಗಿಲಿಗೆ ಬಂದ. ನೊರೆ ಉಗುಳಿ, "ಯವ್ವಾ, ನಾ ಏನ್ ಮಾಡೇನಿ ಅದಕ್ಕ?" ಎಂದ.

"ನೀ ಏನೂ ಮಾಡಿಲ್ಲ ಬಿಡು. ಗಿಡಾನ ಉರ್ಲ ಹಾಕ್ಕೊಂಡೈತಿ."

ಒಳಗೆ ಸೊಸೆ ಚೇತನಾ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು.

ಇಳಕಲ್ಲಿನ ಆ ಮನೆಯಲ್ಲಿ ಮಗ್ಗ ಇದ್ದದ್ದು ಕಾಳವ್ವನ ಗಂಡ ಅಂದಾನಪ್ಪನ ಕಾಲಕ್ಕೆ. ನೆಲದಲ್ಲಿ ಮೊಣಕಾಲು ಮುಳುಗುವಷ್ಟು ಕುಣಿ. ಅದರ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು ತುಳಿಯುತ್ತ ಅವನು ಮೂವತ್ತೈದು ವರ್ಷ ಸೀರೆ ನೇಯ್ದ. ಪಕ್ಕದ ಕಿಟಕಿಯಲ್ಲಿ ಎಣ್ಣೆ ಡಬ್ಬಿಯೊಳಗೆ ಈ ಕಾಕಡಾ ಇತ್ತು. ಮಲ್ಲಿಗೆಯ ಜಾತಿಯೇ, ಆದರೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. "ವಾಸನಿ ಇದ್ರ ಕೆಲಸದ ಮ್ಯಾಲಿನ ಲಕ್ಷ್ಯ ಹೋಗತೈತಿ, ಇದಾ ಛಲೋ" ಎನ್ನುತ್ತಿದ್ದ. 1998ರ ಬೇಸಿಗೆಯಲ್ಲಿ ಎದೆನೋವೆಂದು ಬಾಗಲಕೋಟೆಯ ದವಾಖಾನೆಗೆ ಕೂತು ಹೋದವನನ್ನು ಜೀಪಿನಲ್ಲಿ ಮಲಗಿಸಿ ತಂದರು.

ಮಗ್ಗ ಬಿಚ್ಚಿದರು. ಆ ಮಳೆಗಾಲದಲ್ಲೇ ಮಣ್ಣಿನ ಮಾಳಿಗೆಯ ಒಂದು ಮೂಲೆ ಗೋಡೆಯ ಮೇಲ್ಭಾಗದ ಸಮೇತ ಕುಸಿದು ಬಿಸಿಲು ನೇರ ಕುಣಿಗೆ ಬೀಳತೊಡಗಿತು. ಕಾಳವ್ವ ಯಾರನ್ನೂ ಕೇಳಲಿಲ್ಲ. ಕುಣಿಗೆ ಮಣ್ಣು, ಗೊಬ್ಬರ ತುಂಬಿದಳು. ಡಬ್ಬಿ ಕತ್ತರಿಸಿ ಗಿಡವನ್ನು ಅಲ್ಲಿ ಹಚ್ಚಿದಳು. ಗಂಡನ ಕಾಲು ಇರುತ್ತಿದ್ದ ಜಾಗ. ಖಾಲಿ ನೋಡಲು ಆಗುತ್ತಿರಲಿಲ್ಲ, ಅಷ್ಟೆ.

ಐದು ವರ್ಷದಲ್ಲಿ ಗಿಡ ಗೋಡೆ ಹತ್ತಿ ಆಚೆಗೆ ಬಾಗಿತು. ಹೂವು ಅವಳು ಮುಡಿಯುವ ಹಾಗಿರಲಿಲ್ಲ. ದಿನವೂ ಕಟ್ಟಿ ಸೊಸೆಗೆ ಕೊಡುತ್ತಿದ್ದಳು. ಚೇತನಾ ಮುಡಿದುಕೊಂಡು ಒಲೆಯ ಮುಂದೆ ಕೂತಾಗ ಕಾಳವ್ವ ಹಿಂದಿನಿಂದ ಒಮ್ಮೆ ನೋಡುತ್ತಿದ್ದಳು. ಅದೇ ಅವಳ ಹಬ್ಬ.

ರಾಜೇಶನಿಗೆ ಎರಡು ಪವರ್‌ಲೂಮ್ ಹಾಕುವ ಆಸೆ. ಪಡಸಾಲೆಯಲ್ಲಿ ಒಂದೇ ಹಿಡಿಯುತ್ತದೆ. ಎರಡನೆಯದಕ್ಕೆ ಇರುವುದು ಈ ಕೋಣೆಯೊಂದೇ. ಯುಗಾದಿಯ ದಿನ ತಾಯಿ ಮಗನಿಗೆ ದೊಡ್ಡ ಜಗಳವಾಗಿ, ಕೊನೆಗೆ ಅವನೇ ಸೋತು, "ಆತು, ಗಿಡ ಇರೂತನಕ ಕುಣಿ ಮುಟ್ಟೂದಿಲ್ಲ. ಅಪ್ಪನ ಆಣಿ" ಎಂದಿದ್ದ. ತಿಂಗಳೊಳಗೆ ಗಿಡ ಒಣಗಲು ಹತ್ತಿತು. ಸೋಮವಾರ ಗೌಂಡಿ ಕಾಶಪ್ಪ ನೆಲಕ್ಕೆ ಕಾಂಕ್ರೀಟ್ ಹಾಕಲು ಬರುವವನಿದ್ದ. ಪಡಸಾಲೆಗಷ್ಟೇ ಎಂದು ರಾಜೇಶ ಹೇಳಿದ. ಕಾಳವ್ವ ನಂಬಲಿಲ್ಲ.

ನಂಬದಿರಲು ಅವಳಿಗೆ ಇನ್ನೊಂದು ಕಾರಣ ಸಿಕ್ಕಿತ್ತು. ಅಂದಾನಪ್ಪನ ಪುಣ್ಯತಿಥಿಯ ಮರುದಿನ ನಸುಕಿನಲ್ಲಿ ಚೇತನಾ ಗಿಡಕ್ಕೆ ಬಕೀಟುಗಟ್ಟಲೆ ಏನನ್ನೋ ಸುರಿಯುತ್ತಿದ್ದುದನ್ನು ಪಕ್ಕದ ಮನೆಯ ಸೋಮವ್ವ ಕುಸಿದ ಗೋಡೆಯಾಚೆಯಿಂದ ನೋಡಿ ಕಾಳವ್ವನಿಗೆ ಹೇಳಿದ್ದಳು. ಆ ಗಿಡಕ್ಕೆ ನೀರು ಹಾಕುವುದು ಕಾಳವ್ವ ಒಬ್ಬಳೇ. ಬೇರೆ ಯಾರೂ ಹಾಕಿದ್ದಿಲ್ಲ.

"ಏನ ಸುರದಿ ಅದಕ್ಕ?" ಎಂದು ಕಾಳವ್ವ ಸೊಸೆಯನ್ನು ಕೇಳಿದಳು.

"ನೀರ್ರಿ ಅತ್ತಿ" ಎಂದಳು ಚೇತನಾ.

"ಈ ಬ್ಯಾಸಗ್ಯಾಗ, ಕುಡ್ಯಾಕ ಮೂರು ದಿನಕ್ಕೊಮ್ಮೆ ನಳ ಬರೂವಾಗ, ಬಕೀಟುಗಟ್ಟಲೆ ನೀರ? ನನ್ನ ಗಿಡದ ಮ್ಯಾಲ ಏಕ್‌ದಮ್ ಅಷ್ಟ ಪ್ರೀತಿ ಬಂತೇನವಾ?"

ಅಂದು ಸಂಜೆ ಉಳಿದಿದ್ದ ನಾಲ್ಕು ಮೊಗ್ಗನ್ನು ಕಾಳವ್ವ ಕಟ್ಟಿಟ್ಟಳು. ಚೇತನಾ ಮುಡಿಯಲಿಲ್ಲ. ಹೂ ಗೋಡೆಯ ಗೂಡಿನಲ್ಲೇ ಬಾಡಿತು.

ಬೆಳಗಿನ ಹೊತ್ತು ಕಾಳವ್ವ ಮಾಸ್ತರ ಪಂಢರೀನಾಥರ ಮನೆಗೆ ತೋಟದ ಕೆಲಸಕ್ಕೆ ಹೋಗುತ್ತಿದ್ದಳು. ಮಾಸ್ತರು ನಿವೃತ್ತರು. ಹೆಂಡತಿ ಜಾನಕಿಬಾಯಿಗೆ ಗಿಡಗಳ ಹುಚ್ಚು. ಕಾಳವ್ವ ಮೂರನೇ ಇಯತ್ತೆವರೆಗೆ ಸಾಲಿ ಕಲಿತವಳು. ಆದರೆ ಗಿಡದ ಎಲೆ ನೋಡಿ ಅದಕ್ಕೇನು ಬೇಕೆಂದು ಹೇಳುತ್ತಿದ್ದಳು.

ಆ ತೋಟದ ಗುಲಾಬಿಯ ಮೇಲೆ ಅವಳಿಗೆ ಸಿಟ್ಟು. ದಿನವೂ ಮಾತಾಡಿಸಬೇಕು, ಒಂದು ದಿನ ಬಿಟ್ಟರೆ ಹುಳ ಹಿಡಿಸಿಕೊಂಡು ಕೂರುತ್ತದೆ. ಕ್ರೋಟನ್ನು ಅವಳ ಲೆಕ್ಕದಲ್ಲಿ ಗಿಡವೇ ಅಲ್ಲ. ಹೂವಿಲ್ಲ, ಕಾಯಿಲ್ಲ, ಬರೀ ಮೈಯೆಲ್ಲ ಬಣ್ಣ. ಕಾಗದದ ಹೂವಿನ ಬಳ್ಳಿಗೆ ನೀರು ಕಡಿಮೆ ಕೊಟ್ಟಷ್ಟು ಹೂ ಹೆಚ್ಚು ಬಿಡುತ್ತದೆ. ಅದರ ಮೇಲೆ ಅವಳಿಗೆ ಮರ್ಯಾದೆ. ಗೊರಟೆಯನ್ನು ಅವಳೇ ತವರು ಐಹೊಳೆಯಿಂದ ತಂದು ಬೇಲಿಗೆ ಹಚ್ಚಿದ್ದಳು. ಮುಳ್ಳಿದ್ದರೂ ಹಳದಿ ಹೂ ಬಿಡುವಾಗ ಯಾರ ಹಂಗಿಲ್ಲದೆ ಬಿಡುತ್ತದೆ. ಗುಡೂರಿನ ದಾರಿಯಲ್ಲಿ ತಂಗಡಿ ಹೂ ಬಿಟ್ಟಾಗ ಬಸ್ಸಿನ ಕಿಟಕಿಯಿಂದ ಮುಖ ಹೊರಗಿಟ್ಟು ನೋಡುತ್ತಿದ್ದಳು. ಅದಕ್ಕೆ ನೀರು ಹಾಕಿದವರು ಯಾರು? ಯಾರೂ ಇಲ್ಲ. ಕಣಗಲವನ್ನು ಆಡು ತಿನ್ನುವುದಿಲ್ಲ, ಅದಕ್ಕೆ ಅದು ಉಳಿಯುತ್ತದೆ. ಕಾಕಡಾಕ್ಕೆ ಮುಳ್ಳಿಲ್ಲ, ವಿಷವಿಲ್ಲ. ಮನುಷ್ಯರನ್ನು ನಂಬಿ ಬದುಕುವ ಗಿಡ.

"ಕಾಳವ್ವಾ, ಮುಖ ಯಾಕ ಹೀಂಗ ಮಾಡೀ? ಗಿಡ ಹೆಂಗದ?" ಎಂದರು ಜಾನಕಿಬಾಯಿ.

"ಹೊಂಟೈತ್ರಿ ಬಾಯಾರ."

"ಅಯ್ಯ! ಅದಕ್ಕಽ ನಾ ಮೂರು ಸಲ ಕೇಳಿದ್ದೆ, ಒಂದು ಕಡ್ಡಿ ಕೊಡು, ನಮ್ಮ ಹಿತ್ತಲದಾಗ ಹಚ್ಚತೀನಿ ಅಂತ. ಕೊಡ್ಲಿಲ್ಲ ನೀ. ಕೊಟ್ಟಿದ್ದರ ಇವತ್ತು ಒಂದಾದರೂ ಉಳೀತಿತ್ತು."

ಖರೆ. ಕೊಟ್ಟಿರಲಿಲ್ಲ. ಗಂಡನ ಗಿಡ ಇನ್ನೊಬ್ಬರ ಹಿತ್ತಲಲ್ಲಿ ಹೂ ಬಿಡುವುದು ಅವಳಿಗೆ ಬೇಡವಾಗಿತ್ತು. ಕಾಳವ್ವ ಕುರ್ಪಿ ಹಿಡಿದು ಗುಲಾಬಿಯ ಬುಡ ಕೆದರಿದಳು. ಬೇಕಾದದ್ದಕ್ಕಿಂತ ಆಳ ಕೆದರಿದಳು.

ಭಾನುವಾರ ಮಧ್ಯಾಹ್ನ ರಾಜೇಶ ಹುನಗುಂದಕ್ಕೆ ಹೋಗಿದ್ದ. ಚೇತನಾ ಹಿತ್ತಲಲ್ಲಿ ಬೇರೆಯವರ ಮಗ್ಗಕ್ಕೆಂದು ಕೂಲಿಗೆ ರೇಷ್ಮೆ ನೂಲು ಬೇಯಿಸುತ್ತಿದ್ದಳು. ನೂಲಿನ ಅಂಟು ಬಿಡಲು ಸೋಪು, ಸೋಡಾ ಹಾಕಿದ ನೀರಲ್ಲಿ ಕುದಿಸಬೇಕು. ಬೇಯಿಸಿದ ಮೇಲೆ ಆ ನೀರನ್ನು ಆರಲು ಬಕೀಟಿನಲ್ಲಿಟ್ಟು ಗಟಾರಕ್ಕೆ ಚೆಲ್ಲುತ್ತಾರೆ. ಪಕ್ಕದಲ್ಲೇ ಇನ್ನೊಂದು ಬಕೀಟಿನಲ್ಲಿ ಹಾಸಿನ ನೂಲು ಗಟ್ಟಿಯಾಗಲು ಹಚ್ಚಿ ಉಳಿದ ಗಂಜಿ ನೀರು. ನೇಕಾರರ ಮನೆಯಲ್ಲಿ ಗಂಜಿ ನೀರನ್ನು ಯಾರೂ ಚೆಲ್ಲುವುದಿಲ್ಲ, ಗಿಡಕ್ಕೆ ಹಾಕುತ್ತಾರೆ. ಕಾಕಡಾ ಅದನ್ನು ಕುಡಿದೇ ಬೆಳೆದದ್ದು.

ಕಾಳವ್ವ ದಾರಿಗೆ ಅಡ್ಡವಾಗಿದ್ದ ಬಕೀಟನ್ನು ಸರಿಸಲು ಎತ್ತಿದಳು. ನೀರು ತುಳುಕಿ ಕೈಮೇಲೆ ಬಿತ್ತು. ಮಾಸಲು ಬಿಳಿ, ಜಾರು. ಗಂಜಿಯ ಹಾಗೇ. ಮರುಗಳಿಗೆಯೇ ಬೆರಳ ಸಂದಿಯ ಬಿರುಕು ಉರಿಯತೊಡಗಿತು.

ಅವಳು ಬಕೀಟು ಕೆಳಗಿಡಲಿಲ್ಲ. ಹಾಗೇ ನಿಂತಳು.

ಈ ಉರಿ ಗೊತ್ತಿತ್ತು. ಪುಣ್ಯತಿಥಿಯ ಸಂಜೆ ಬಂದವರೆಲ್ಲ ಉಂಡು ಹೋದ ಮೇಲೆ, ಕಣ್ಣು ಒರೆಸಿಕೊಳ್ಳುತ್ತ, ಹಿತ್ತಲಿನ ಎರಡು ಬಕೀಟನ್ನೂ ಗಂಜಿಯೆಂದೇ ಎತ್ತಿ ಒಂದಾದ ಮೇಲೊಂದು ಕುಣಿಗೆ ಸುರಿದಿದ್ದಳು. ಆ ರಾತ್ರಿ ಕೈ ಉರಿದಿತ್ತು. ಅಡುಗೆಯ ಖಾರ ಎಂದುಕೊಂಡಿದ್ದಳು.

"ಚೇತನಾ."

"ಏನ್ರಿ?"

"ಅವತ್ತ ಇಲ್ಲಿ ಎರಡು ಬಕೀಟ ಇದ್ದೂ. ಒಂದರಾಗ ಸೋಡಾ ನೀರಿತ್ತೇನು?"

ಚೇತನಾ ಕೋಲಿನಿಂದ ನೂಲು ಮಗುಚುವುದನ್ನು ನಿಲ್ಲಿಸಿದಳು. ತಲೆ ಎತ್ತಲಿಲ್ಲ.

"ನೀ ನೋಡಿದ್ದಿ" ಎಂದಳು ಕಾಳವ್ವ.

"ನಾ ಬಾಗಲಕ್ಕ ಬರೂದ್ರಾಗ ಎರಡೂ ಖಾಲಿ ಆಗಿದ್ದೂರಿ. ನೀವು ಕುಣಿ ಅಂಚಿಗೆ ಕೂತು ಅಳಾಕತ್ತಿದ್ರಿ. ಮಾವಾರ ದಿನ ಅವತ್ತ. ಹೆಂಗ ಹೇಳ್ಲಿ?" ಅವಳ ದನಿ ಗಟ್ಟಿಯಾಯಿತು. "ಗಂಜೀ ಬಾಜೂಕ ಅದನ್ನ ಇಟ್ಟಾಕಿ ನಾನ. ಹೊತ್ತ ಹೊಂಡೂಕ್ಕ ಮೊದಲ ಎದ್ದು, ಕುಡಿಯೂ ನೀರ ಎಲ್ಲಾ ಸುರದು ತೊಳ್ಯಾಕ ನೋಡಿದ್ನಿ. ಆಗಲಿಲ್ಲ."

"ಮತ್ತ ನಾ ನಿನ್ನ ಅಂದೆ. ರಾಜ್ಯಾನ್ನ ಅಂದೆ. ಓಣಿ ಕೇಳೂವಂಗ ಅಂದೆ."

"ಅಂದ್ರಿ."

"ಬಾಯಿ ಸತ್ತಿತ್ತೇನ ನಿಂದು?"

"ನಿಮ್ಮ ಬಾಯಿ ಮುಂದ ಯಾರ ಬಾಯಿ ಬದಕತೈತ್ರಿ?"

ಕಾಳವ್ವನಿಗೆ ನಗು ಬರಬೇಕಿತ್ತು. ಬರಲಿಲ್ಲ. ಬಕೀಟು ಎತ್ತಿಕೊಂಡು ಗಟಾರದತ್ತ ನಡೆದು ಪೂರ್ತಿ ಚೆಲ್ಲಿ ಬಂದಳು.

ರಾಜೇಶ ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದಳು. ಸುತ್ತುಬಳಸಿ ಹೇಳಲಿಲ್ಲ. "ಗಿಡ ಕೊಂದಾಕಿ ನಾ. ಸೋಡಾ ನೀರ ಹಾಕೇನಿ. ನಿಮ್ಮಿಬ್ಬರದೂ ತಪ್ಪಿಲ್ಲ. ನಾಳಿ ಕಾಶಪ್ಪಗ ಕುಣೀನೂ ಮುಚ್ಚಂತ ಹೇಳು."

ರಾಜೇಶ ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ. "ಇರ್ಲಿ ಬಿಡಬೇ. ಚಿಗುರತೈತೇನ ನೋಡೂಣು. ಒಂದು ತಿಂಗಳ ತಡೀತೇನಿ" ಎಂದ.

"ಬ್ಯಾಡ. ಸತ್ತದ್ದು ನನಗ ಗೊತ್ತಾಗತೈತಿ."

ಸೋಮವಾರ ಕಾಶಪ್ಪ ಗುದ್ದಲಿ ಎತ್ತಿದಾಗ ಕಾಳವ್ವ ಅದನ್ನು ಕಸಿದುಕೊಂಡಳು. ಮೊದಲ ಏಟು ಅವಳೇ ಹಾಕಿದಳು. ಬೇರು ಕಪ್ಪಾಗಿ, ಮೆತ್ತಗಾಗಿ, ಜಾರುತ್ತಿತ್ತು. ಎಲ್ಲಿ ಉಗುರಿನಿಂದ ಕೆರೆದರೂ ಹಸಿರಿಲ್ಲ. ಕಾಶಪ್ಪ ಬುಡ ಕಿತ್ತು ಎಳೆದ. ಗಿಡ ಪೂರ್ತಿ ಬಂತು. ಗೋಡೆಯಾಚೆ ಬಾಗಿದ್ದ ಒಂದು ಟೊಂಗೆ ಮಾತ್ರ ಬರಲಿಲ್ಲ.

"ಎಲ್ಯೋ ಸಿಕ್ಕೈತಿ" ಎಂದು ಅವನು ಜಗ್ಗಲು ಹೋದ.

"ತಡೀ!"

ಕಾಳವ್ವ ಗೋಡೆ ಸುತ್ತಿಕೊಂಡು ಓಡಿದಳು. ಕುಸಿದ ಮಣ್ಣಿನ ರಾಶಿಯ ಮೇಲೆ ಆ ಟೊಂಗೆ ಮಲಗಿತ್ತು. ಮಲಗಿದಲ್ಲಿ ಬೇರು ಬಿಟ್ಟಿತ್ತು. ಗೇಣುದ್ದದ ತುದಿ. ಐದು ಎಲೆ. ಎರಡು ಹಳದಿ, ಮೂರು ಹಸಿರು. ಅವಳು ಕುಡುಗೋಲಿನಿಂದ ಸತ್ತ ಕಡೆಯನ್ನು ಕತ್ತರಿಸಿ, ಬೇರಿನ ಸುತ್ತಲಿನ ಮಣ್ಣನ್ನು ಹೆಂಟೆಯಾಗಿ ಎತ್ತಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿದಳು.

"ಎಲ್ಲಿ ಹಚ್ಚತೀರಿ ಅತ್ತಿ? ಹಿತ್ತಲದಾಗ?" ಎಂದಳು ಚೇತನಾ.

ಕಾಳವ್ವ ಹಿತ್ತಲು ನೋಡಿದಳು. ಒಲೆ, ಸೋಡಾದ ಚೀಲ, ಸಾಲು ಬಕೀಟು.

"ಇಲ್ಲಿ ಬ್ಯಾಡ" ಎಂದಳು.

ಅವಳು ಹೊರಟಾಗ ಕೋಣೆಯಲ್ಲಿ ಕಾಶಪ್ಪ ಕುಣಿಗೆ ಕಲ್ಲು ತುಂಬುತ್ತಿದ್ದ. ಪ್ರತಿ ಕಲ್ಲು ಬಿದ್ದ ಸದ್ದು ಓಣಿಯ ತಿರುವಿನವರೆಗೂ ಕೇಳಿತು. ಅವಳು ತಿರುಗಿ ನೋಡಲಿಲ್ಲ.

ಜಾನಕಿಬಾಯಿ ತುಳಸಿಗೆ ನೀರು ಹಾಕುತ್ತಿದ್ದರು. ಗೋಣಿಚೀಲ ನೋಡಿ ತಂಬಿಗೆ ಕೆಳಗಿಟ್ಟರು. "ಏನವಾ ಇದು?"

"ನೀವು ಬೇಡಿದ್ದು. ಹತ್ತಿದ್ರ ಹತ್ತತೈತಿ, ಇಲ್ಲಂದ್ರ ಇಲ್ಲ. ಮುಂಜಾನಿ ಬಿಸಲ ಸಾಕು. ಬುಡಕ್ಕ ನೀರ ನಿಲ್ಲಬಾರದು."

"ಗಂಜಿ ನೀರು ಹಾಕಬೇಕಲ್ಲ ಇದಕ್ಕ?"

ಕಾಳವ್ವ ಕುಣಿ ತೋಡಲು ಕೂತಿದ್ದಳು. ಕುರ್ಪಿ ನಿಂತಿತು.

"ನೀವು ಹಾಕ್ರಿ ಬಾಯಾರ" ಎಂದಳು. "ಹಾಕೂ ಮುಂಚೆ ಕೈ ಅದ್ದಿ ನೋಡ್ರಿ. ನಾ ನೋಡ್ಲಿಲ್ಲ."