ಅಜ್ಜಿಯ ಪಾತ್ರೆಯ ಕಾಫಿ

ದುರ್ಗಿಗುಡಿಯ ನನ್ನ ಕ್ಲಿನಿಕ್ಕಿಗೆ ಬರುವ ಸಕ್ಕರೆ ಕಾಯಿಲೆಯವರಲ್ಲಿ ಸಿಹಿ ತಿನ್ನುವವರು ಒಬ್ಬರೂ ಇಲ್ಲ. ಕೇಳಿ ನೋಡಿ, ಎಲ್ಲರೂ ಸನ್ಯಾಸಿಗಳೇ. ಅದಕ್ಕೇ ನಾನು ಈಗಲೂ ಸ್ಕೂಟರ್ ಹತ್ತಿ ರೋಗಿಗಳ ಮನೆಗೇ ಹೋಗುತ್ತೇನೆ. ಜೊತೆಯ ಡಾಕ್ಟರುಗಳು ನಗುತ್ತಾರೆ. ನಗಲಿ.

ಭದ್ರಾವತಿಯ ನ್ಯೂ ಟೌನಿನಲ್ಲಿ ಒಬ್ಬ ಅಜ್ಜಿಯ ಕಾಲಿನ ಹುಣ್ಣು ಎಷ್ಟು ಔಷಧಿ ಕೊಟ್ಟರೂ ಮಾಯುತ್ತಿರಲಿಲ್ಲ. “ಸಕ್ಕರೆ ಮುಟ್ಟಿ ವರ್ಷಗಳೇ ಆದ್ವು ಡಾಕ್ಟ್ರೇ” ಎಂದರು ಅಜ್ಜಿ. ಪಕ್ಕದಲ್ಲಿದ್ದ ಸೊಸೆ ಹೌದೆಂದು ತಲೆಯಾಡಿಸಿದರು. ನಾನು ಕಟ್ಟು ಬದಲಿಸಿ, ಕೈ ತೊಳೆಯಲು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಅಜ್ಜಿಗೆಂದು ಬೆರೆಸಿಟ್ಟ ಕಾಫಿ ಹಬೆಯಾಡುತ್ತಿತ್ತು. “ಇದರಲ್ಲೇ ನನಗೂ ಅರ್ಧ ಲೋಟ ಕೊಡಿ” ಎಂದೆ. ಸೊಸೆಯ ಮುಖ ಸಣ್ಣದಾಯಿತು. ಕುಡಿದರೆ ಥೇಟು ಪಾಯಸ.

ನಾನು ಬೈಯಲಿಲ್ಲ. “ಕಾಫಿ ಚೆನ್ನಾಗಿದೆ, ಆಗಾಗ ಬರ್ತೀನಿ” ಎಂದಷ್ಟೇ ಹೇಳಿ ಹೊರಟೆ.

ಈಗ ಹುಣ್ಣು ಮಾಯ್ದಿದೆ. ಮೊನ್ನೆ ಹೋದಾಗ ಅಜ್ಜಿ ರೇಗಿಬಿಟ್ಟರು. “ನೀವು ಯಾವಾಗ ಬಂದುಬಿಡ್ತೀರೋ ಅಂತ ಇಡೀ ಮನೆ ಸಪ್ಪೆ ಕಾಫಿ ಕುಡೀತಿದೆ ಮಾರಾಯ್ರೇ! ಮೊದ್ಲೇ ಒಂದು ಫೋನ್ ಮಾಡಬಾರ್ದಾ?”

“ಬೇಕಾದ್ರೆ ಒಂದು ಗುಳಿಗೆ ಕಮ್ಮಿ ಮಾಡ್ತೀನಿ ಅಜ್ಜಿ” ಎಂದೆ. “ಫೋನ್ ಮಾತ್ರ ಮಾಡಲ್ಲ.”