ಜಯಪುರ ಯಾರ ಕೆಳಗೆ

ಪ್ರೌಢಶಾಲೆಯಲ್ಲಿ ಕನ್ನಡ ವ್ಯಾಕರಣ ಕಲಿಸುತ್ತಿದ್ದವನಿಗೆ ಕೃಷಿಯಂತ್ರ ಮಾರುವ ಕಂಪನಿಯಲ್ಲಿ ಏನು ಕೆಲಸ ಎಂದು ಕೊಪ್ಪದ ಪೇಟೆಯಲ್ಲಿ ನನ್ನನ್ನು ಕೇಳದವರು ಕಡಿಮೆ. ಶಾಲೆಯಲ್ಲಿ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿಯೂ ಮಾಡುತ್ತೇನೆ: ಕಲಿಸುತ್ತೇನೆ, ಪರೀಕ್ಷಿಸುತ್ತೇನೆ, ತಪ್ಪಿದ್ದಲ್ಲಿ ಕೆಂಪು ಗೆರೆ ಎಳೆಯುತ್ತೇನೆ. ಕಂಪನಿಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಒಂದೊಂದು ಅಂಗಡಿಯಿದೆ. ಜಯಪುರದಲ್ಲಿ ಒಂದು ಚಿಕ್ಕ ಮಳಿಗೆ. ಯಾವ ಅಂಗಡಿಗೆ ಯಾವ ತಿಂಗಳಲ್ಲಿ ಎಷ್ಟು ಯಂತ್ರ ಬೇಕಾದೀತು ಎಂದು ಮುಂಚಿತವಾಗಿ ಯೋಜಿಸುವ ಸಾಫ್ಟ್‌ವೇರನ್ನು ಕಂಪನಿ ತಂದಾಗ, ಅದರ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವನು ನಾನೊಬ್ಬನೇ.

ಉಳಿದವರು ಹೆದರಿದ್ದು ಅದರ ಬಹು ಆಯಾಮಗಳಿಗೆ. ಹಾಳೆಯ ಮೇಲಿನ ಪಟ್ಟಿಗೆ ಉದ್ದ, ಅಗಲ ಎರಡೇ, ಇದಕ್ಕೆ ಹಾಗಲ್ಲ. ನನಗೆ ಮಾತ್ರ ಅದು ಹೊಸದೆನ್ನಿಸಲಿಲ್ಲ. 'ಬಂದಳು' ಎಂಬ ಒಂದೇ ಪದದೊಳಗೆ ಕಾಲ, ಪುರುಷ, ಲಿಂಗ, ವಚನಗಳು ಕೂಡಿ ಕುಳಿತಿರುವುದನ್ನು ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬಿಡಿಸಿ ತೋರಿಸಿದವನಿಗೆ, ಒಂದೇ ಸಂಖ್ಯೆ ಅಂಗಡಿ, ಸರಕು, ತಿಂಗಳು, ಯೋಜನೆ ಎಂಬ ನಾಲ್ಕು ಮನೆಗಳಲ್ಲಿ ಏಕಕಾಲಕ್ಕೆ ವಾಸಿಸುವುದು ಸಹಜವಾಗಿಯೇ ಕಂಡಿತು.

ಮೂರೂ ಅಂಗಡಿಗಳ ಯೋಜನೆಯನ್ನು ನೋಡಿಕೊಳ್ಳಲು ಕೊಪ್ಪದ ಕಚೇರಿಯಲ್ಲಿ ಒಂದು ಕಾಯಂ ಹುದ್ದೆ ಮಂಜೂರಾಯಿತು. ಆಯ್ಕೆಯ ಪರೀಕ್ಷೆ ನನ್ನದು. ಅಂಗಡಿಗೊಬ್ಬರಂತೆ ಮೂವರು ಕುಳಿತರು: ಕೊಪ್ಪದ ಬಿಲ್ಲಿಂಗಿನವನು, ಶೃಂಗೇರಿಯ ಗೋದಾಮಿನವನು, ನರಸಿಂಹರಾಜಪುರದಲ್ಲಿ ತಾತ್ಕಾಲಿಕವಾಗಿ ಕೆಲಸಕ್ಕಿದ್ದ ಯುವತಿ. ಗಂಡಸರಿಬ್ಬರೂ ಕಾಯಂ ನೌಕರರು. ಸೋತರೆ ಹಳೆಯ ಕುರ್ಚಿಗೆ ಮರಳುತ್ತಿದ್ದರು. ಅವಳ ಕರಾರು ಆ ತಿಂಗಳಿಗೇ ಮುಗಿಯುವುದಿತ್ತು. ಇದು ಮೂವರಿಗೂ ತಿಳಿದಿತ್ತು, ನನಗೂ ತಿಳಿದಿತ್ತು. ಹಾಗೆಂದು ಪ್ರಶ್ನೆಪತ್ರಿಕೆಯನ್ನು ಸಡಿಲಿಸುವ ಜಾಯಮಾನ ನನ್ನದಲ್ಲ.

ಬರಹದ ಭಾಗವನ್ನು ಮೂವರೂ ಚೆನ್ನಾಗಿಯೇ ಮಾಡಿದರು. ಉಳಿದದ್ದು ಕಂಪ್ಯೂಟರಿನಲ್ಲಿ ಮಾಡಿ ತೋರಿಸಬೇಕಾದ ಕೊನೆಯ ಪ್ರಶ್ನೆ, ಜಯಪುರದ್ದು. ಆ ಮಳಿಗೆಯ ಮಾರಾಟಕ್ಕೆ ಬಿಲ್ ಹಾಕುವುದು ಕೊಪ್ಪ. ಅಲ್ಲಿಗೆ ಯಂತ್ರ ಹೊತ್ತೊಯ್ಯುವುದು ಶೃಂಗೇರಿಯ ವ್ಯಾನು. ಆದ್ದರಿಂದ ಜಯಪುರ ತಮ್ಮದೆಂದು ಎರಡೂ ಅಂಗಡಿಗಳ ವಾದ. ಎರಡರ ಕೆಳಗೂ ಸೇರಿಸಿದರೆ ಕಂಪನಿಯ ಒಟ್ಟು ಮೊತ್ತದಲ್ಲಿ ಜಯಪುರ ಎರಡು ಸಲ ಲೆಕ್ಕವಾಗುತ್ತದೆ. ನಾನು ಬರೆದಿದ್ದ ಪ್ರಶ್ನೆ ಹೀಗಿತ್ತು: 'ಜಯಪುರದ ಸಂಖ್ಯೆಯು ಎರಡೂ ಅಂಗಡಿಗಳಿಗೆ ಪೂರ್ಣವಾಗಿ ಕಾಣಬೇಕು, ಒಟ್ಟು ಮೊತ್ತವು ಸರಿಯಾಗಿರಬೇಕು.'

ಕೊಠಡಿಯಲ್ಲಿ ಒಂದು ಸುತ್ತು ಹಾಕಿ ಮೂರು ಪರದೆಗಳನ್ನೂ ನೋಡಿದೆ. ಕೊಪ್ಪದವನು ಜಯಪುರವನ್ನು ಕೊಪ್ಪದ ಕೆಳಗೆ ಮಾತ್ರ ಇಟ್ಟಿದ್ದ. ಶೃಂಗೇರಿಯವನು ಶೃಂಗೇರಿಯ ಕೆಳಗೆ ಮಾತ್ರ ಇಟ್ಟಿದ್ದ. ಜಯಪುರದ ಮೇಲೆ ಯಾವ ಹಕ್ಕೂ ಇಲ್ಲದ ನರಸಿಂಹರಾಜಪುರದವಳು ಅದನ್ನು ಎರಡರ ಕೆಳಗೂ ಇಟ್ಟು, ಪ್ರತಿ ಕಡೆಯೂ ಅರ್ಧ ಪಾಲು ಮಾತ್ರ ಮೇಲಕ್ಕೆ ಹೋಗುವಂತೆ ತೂಕ ಕೊಟ್ಟಿದ್ದಳು. ಜಗಳ ಬಿಡಿಸಲು ಬಂದ ಹಿರಿಯರು ಮಾಡುವ ಪಂಚಾಯಿತಿಯೇ ಅದು. ಒಟ್ಟು ಮೊತ್ತ ಸರಿಯಿತ್ತು; ಉತ್ತರ ತಪ್ಪಾಗಿತ್ತು.

ಅಷ್ಟರಲ್ಲಿ ಅವಳು ಎದ್ದು ಚೀಲ ಹೆಗಲಿಗೇರಿಸಿದಳು.

"ನಂದು ಆಯ್ತು ಮೇಷ್ಟ್ರೇ. ಬಸ್ಸಿಗೆ ಹೊತ್ತಾತು."

ಅವಧಿ ಮುಗಿಯುವ ಮೊದಲು ಉತ್ತರಪತ್ರಿಕೆಯನ್ನು ಪಡೆಯುವ ಅಭ್ಯಾಸ ನನಗೆ ಶಾಲೆಯಲ್ಲಿಯೂ ಇರಲಿಲ್ಲ. ಆದರೆ ಅವಳೊಬ್ಬಳಿಗೆ 'ಇನ್ನೊಮ್ಮೆ ನೋಡು' ಎಂದರೆ ಅದು ಪಕ್ಷಪಾತ. ಹೇಳುವುದಾದರೆ ಮೂವರಿಗೂ ಹೇಳಬೇಕು. ಹೇಳಿದೆ: "ಸಮಯ ಇನ್ನೂ ಇದೆ. ಮೂವರೂ ಪರದೆಯ ಪಟ್ಟಿಯಲ್ಲಿ ಜಯಪುರದ ಮನೆಯೊಳಗೆ ಮರ ಹತ್ತುವ ಯಂತ್ರ ಒಂದು ಎಂದು ತುಂಬಿ, ಅದರ ಮೇಲಿರುವ ಪ್ರತಿಯೊಂದು ಮೊತ್ತವನ್ನೂ ಗಟ್ಟಿಯಾಗಿ ಓದಿ."

ಕೊಪ್ಪದವನು ಓದಿದ. "ಕೊಪ್ಪ ಒಂದು. ಶೃಂಗೇರಿ ಸೊನ್ನೆ. ಒಟ್ಟು ಒಂದು. ಸರಿಯಾಗೇ ಉಂಟಲ್ಲ?"

"ಸೊನ್ನೆ ಎಂತದು ಮಾರಾಯ?" ಎಂದ ಶೃಂಗೇರಿಯವನು. "ನೀನು ಬಿಲ್ ಹೊಡೆದ್ರೆ ಯಂತ್ರ ಹಾರ್ಕಂಡು ಹೋಗ್ತದಾ? ನಮ್ಮ ವ್ಯಾನೇ ಹೋಗ್ಬೇಕು."

"ನಿನ್ನ ಪರದೇಲಿ ಕೊಪ್ಪ ಎಷ್ಟು ಅಂತ ಓದು, ಕೇಳಾಣ."

ಶೃಂಗೇರಿಯವನು ಕನ್ನಡಕ ತೆಗೆದು ಒರೆಸತೊಡಗಿದ.

ಅವಳು ಚೀಲವನ್ನು ಹೆಗಲಿನಿಂದ ಇಳಿಸದೆ, ನಿಂತಲ್ಲಿಂದಲೇ ಬಾಗಿ ಸಂಖ್ಯೆಯನ್ನು ತುಂಬಿದಳು. "ಕೊಪ್ಪ ಅರ್ಧ. ಶೃಂಗೇರಿ ಅರ್ಧ."

"ಅರ್ಧ ಯಂತ್ರ ಹಿಡ್ಕಂಡು ಅರ್ಧ ಮರ ಹತ್ತಬಹುದು," ಎಂದ ಕೊಪ್ಪದವನು.

"ಇಳಿಯೋಕೆ ಶೃಂಗೇರಿಯವ್ರನ್ನ ಕಾಯ್ಬೇಕು," ಎಂದು ಅವಳೇ ಸೇರಿಸಿದಳು.

ಮೂವರೂ ನಕ್ಕರು. ನಾನು ನಗಲಿಲ್ಲ, ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕ ನಗಬಾರದು. ಕಿಟಕಿಯ ಕೆಳಗಿನ ರಸ್ತೆಯಲ್ಲಿ ಅವಳ ಬಸ್ಸು ನಿಲ್ದಾಣದತ್ತ ಹೋದದ್ದು ಎಲ್ಲರಿಗೂ ಕಾಣಿಸಿತು. ಅವಳು ಒಮ್ಮೆ ಅದನ್ನು, ಒಮ್ಮೆ ಪರದೆಯನ್ನು ನೋಡಿದಳು. ಬಳಿಕ ಚೀಲವನ್ನು ಮೇಜಿನ ಕೆಳಗಿಟ್ಟು ಕುಳಿತಳು.

ಆಮೇಲೆ ಅವಳು ಮಾಡಿದ್ದನ್ನು ಅವಳ ಬೆನ್ನ ಹಿಂದೆ ನಿಂತು ನೋಡಿದೆ. ಅರ್ಧದ ತೂಕಗಳನ್ನು ಅಳಿಸಿದಳು. ಅಂಗಡಿಗಳು ಕೊಂಬೆಗಳಾಗಿ, ಮಳಿಗೆಗಳು ಎಲೆಗಳಾಗಿ ಇರುವ ಜೋಡಣೆಗೆ ಆ ಸಾಫ್ಟ್‌ವೇರಿನಲ್ಲಿ ಮರ ಎಂದೇ ಹೆಸರು. ಒಂದೇ ಮರದಲ್ಲಿ ಒಂದು ಎಲೆಗೆ ಎರಡು ಕೊಂಬೆ ಹುಡುಕುವುದನ್ನು ಬಿಟ್ಟು, ಎರಡು ಮರಗಳನ್ನೇ ನಿಲ್ಲಿಸಿದಳು. ಮೊದಲನೆಯದು ಮಾರಾಟದ ಮರ. ಅದರಲ್ಲಿ ಜಯಪುರ ಕೊಪ್ಪದ ಕೆಳಗೆ. ಎರಡನೆಯದು ಸಾಗಣೆಯ ಮರ. ಅದರಲ್ಲಿ ಜಯಪುರ ಶೃಂಗೇರಿಯ ಕೆಳಗೆ. ಕಂಪನಿಯ ಒಟ್ಟು ಮೊತ್ತಕ್ಕೆ ಮಾರಾಟದ ಮರವೊಂದೇ ಸೇರುವಂತೆ ಮಾಡಿ, ಮರ ಹತ್ತುವ ಯಂತ್ರವನ್ನು ಮತ್ತೆ ಓದಿದಳು. ಕೊಪ್ಪಕ್ಕೆ ಒಂದು, ಶೃಂಗೇರಿಗೆ ಒಂದು, ಒಟ್ಟು ಒಂದು.

ಗಂಡಸರಿಬ್ಬರೂ ಅವಧಿ ಮುಗಿಯುವವರೆಗೆ ಜಯಪುರವನ್ನು ಬಿಟ್ಟುಕೊಡಲಿಲ್ಲ. ನಾನು ಗಂಟೆ ಬಾರಿಸಿದೆ. ಆ ಗಂಟೆಯನ್ನು ಶಾಲೆಯ ಕೆಲಸ ಬಿಡುವಾಗ ಕೇಳಿ ತಂದುಕೊಂಡಿದ್ದೇನೆ. ಕೊನೆಯ ಪ್ರಶ್ನೆಯ ಅಂಕ ಒಬ್ಬಳಿಗೇ ಹೋಯಿತು, ಹುದ್ದೆಯೂ ಅವಳಿಗೇ ಹೋಯಿತು. ಮುಂದಿನ ಬಸ್ಸಿಗೆ ಅವಳನ್ನು ನಿಲ್ದಾಣದವರೆಗೆ ಬೈಕಿನಲ್ಲಿ ಬಿಟ್ಟು ಬಂದವನು ಕೊಪ್ಪದವನು. ದಾರಿಯುದ್ದಕ್ಕೂ ಜಯಪುರ ತನ್ನದೇ ಎಂದು ವಾದಿಸಿದನಂತೆ.

ಅವಳು ಕೊಪ್ಪದ ಕಚೇರಿಗೆ ಬಂದ ಮೊದಲ ವಾರವೇ ಬಾಳೆಹೊನ್ನೂರಿನಲ್ಲಿ ಒಂದು ಹೊಸ ಮಳಿಗೆ ತೆರೆಯುವ ಸೂಚನೆ ಬಂತು. ಅದನ್ನು ಎಲ್ಲಿ ಸೇರಿಸುತ್ತೀ ಎಂದು ಕೇಳಿದೆ.

"ಅದ್ರಲ್ಲಿ ಕೇಳೋದೆಂತದು ಮೇಷ್ಟ್ರೇ? ಬಾಳೆಹೊನ್ನೂರು ನಮ್ದೇ. ನರಸಿಂಹರಾಜಪುರದ್ದು."

ಮೇಜಿನ ಮೇಲಿದ್ದ ಗಂಟೆಯನ್ನು ಅವಳ ಕಡೆಗೆ ಸ್ವಲ್ಪ ಸರಿಸಿದೆ. ಅವಳು ಗಂಟೆಯನ್ನು ನೋಡಿದಳು, ನನ್ನನ್ನು ನೋಡಿದಳು. ಬಳಿಕ ಬಾಳೆಹೊನ್ನೂರಿನ ಮನೆಯಲ್ಲಿ ಒಂದು ಎಂದು ತುಂಬಿ, ಮೇಲಿನ ಮೊತ್ತಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದತೊಡಗಿದಳು.